ರೋಗಿಯನ್ನು ಹುಡುಕಿ ಹೊರಟ ವೈದ್ಯ

ಪ್ರತಿವರ್ಷ ಏಪ್ರಿಲ್ 7ರಂದು ವಿಶ್ವ ಆರೋಗ್ಯ ದಿನದ ಸಂದೇಶಗಳು ಹೊರಬೀಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ 1948ರಲ್ಲಿ ಜಾರಿಗೆ ಬಂದುದು ಅದೇ ದಿನ. ಆ ಸಂವಿಧಾನವನ್ನು ರೂಪಿಸಿದ ಪರಿಣತರಲ್ಲಿ ಒಬ್ಬರು, ಅದೇ ವರ್ಷ ಜಿನೀವಾದಲ್ಲಿ ಸೇರಿದ ಮೊದಲ ವಿಶ್ವ ಆರೋಗ್ಯ ಸಭೆಯ ಅಧ್ಯಕ್ಷರು, ಕ್ರೊಯೇಷಿಯಾದ ಪ್ರೊಫೆಸರ್ ಆಂದ್ರಿಯಾ ಶ್ಟಾಂಪಾರ್. ಸಾರ್ವಜನಿಕ ಆರೋಗ್ಯದ ಚರಿತ್ರೆ ಬಲ್ಲವರಿಗೆ ಅವರದು ದೊಡ್ಡ ಹೆಸರು. ಆದರೆ ಅವರ ಸ್ಥಾನಮಾನಗಳಿಗಿಂತ ಅವರು ತೆತ್ತ ಬೆಲೆಯೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ ಸ್ಲಾವೋನಿಯಾದ ಹಳ್ಳಿಯೊಂದರಲ್ಲಿ 1888ರಲ್ಲಿ ಜನಿಸಿದ ಶ್ಟಾಂಪಾರ್, 1911ರಲ್ಲಿ ವಿಯೆನ್ನಾದಲ್ಲಿ ವೈದ್ಯ ಪದವಿ ಪಡೆದರು. ಸಣ್ಣ ಊರುಗಳಲ್ಲಿ ವೃತ್ತಿ ಆರಂಭಿಸಿದ ಅವರು ಬಡತನ ಮತ್ತು ರೋಗದ ನಂಟನ್ನು ಹತ್ತಿರದಿಂದ ಕಂಡರು. ಮೊದಲ ಮಹಾಯುದ್ಧದ ನಂತರ ಹೊಸ ರಾಷ್ಟ್ರವೊಂದು ರೂಪುಗೊಂಡು, ಮುಂದೆ ಯುಗೊಸ್ಲಾವಿಯ ಎನಿಸಿಕೊಂಡಿತು. 1919ರಲ್ಲಿ ಅದರ ಆರೋಗ್ಯ ಸಚಿವಾಲಯದ ನೈರ್ಮಲ್ಯ ವಿಭಾಗದ ಹೊಣೆ ಹೊತ್ತಾಗ ಅವರಿಗೆ ಕೇವಲ 31 ವರ್ಷ.

ಮಲೇರಿಯಾ ಮತ್ತು ಕ್ಷಯ ಆಗ ಹಳ್ಳಿಗಳನ್ನು ಹಿಂಡುತ್ತಿದ್ದವು. ವೈದ್ಯನೇ ರೋಗಿಯನ್ನು ಅರಸಿಕೊಂಡು ಹೋಗಬೇಕು, ಅವನ ಜೀವನೋಪಾಯ ರೋಗಿಯ ಕಿಸೆಯನ್ನು ಅವಲಂಬಿಸಬಾರದು, ಜನಾರೋಗ್ಯದ ಪ್ರಶ್ನೆಯಲ್ಲಿ ಬಡವ-ಬಲ್ಲಿದರ ಭೇದ ಸಲ್ಲದು, ವೈದ್ಯ ಮೊದಲು ಜನರ ಶಿಕ್ಷಕನಾಗಬೇಕು ಎಂಬುದು ಶ್ಟಾಂಪಾರ್ ಅವರ ನಿಲುವು. ಒಂದು ದಶಕದಲ್ಲಿ 200ಕ್ಕೂ ಹೆಚ್ಚು ಆರೋಗ್ಯ ಸಂಸ್ಥೆಗಳು ತಲೆಯೆತ್ತಿದವು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ 1927ರಲ್ಲಿ ಝಾಗ್ರೆಬ್‌ನಲ್ಲಿ ಸಾರ್ವಜನಿಕ ಆರೋಗ್ಯ ಶಾಲೆ ಆರಂಭವಾಯಿತು. ಅಲ್ಲಿ ರೈತರಿಗೂ ತರಗತಿಗಳು ನಡೆದವು; ಆರೋಗ್ಯ ಶಿಕ್ಷಣಕ್ಕೆ ಚಲನಚಿತ್ರಗಳೂ ಸಿದ್ಧವಾದವು.

ಇಂಥ ಕೆಲಸಕ್ಕೆ ವಿರೋಧ ಹುಟ್ಟದಿರಲು ಸಾಧ್ಯವೇ? ಖಾಸಗಿ ವೃತ್ತಿಯ ವೈದ್ಯರು ಮುನಿದರು. 1929ರಲ್ಲಿ ದೊರೆ ಅಲೆಕ್ಸಾಂಡರ್ ಸರ್ವಾಧಿಕಾರ ಸ್ಥಾಪಿಸಿದ ಬಳಿಕ ಅರಮನೆಯ ಕೃಪೆಯೂ ತಪ್ಪಿತು. 1931ರಲ್ಲಿ ಶ್ಟಾಂಪಾರ್ ಅವರನ್ನು ಬಲವಂತವಾಗಿ ನಿವೃತ್ತಿಗೊಳಿಸಲಾಯಿತು. ಹಳ್ಳಿಗೆ ಔಷಧಿ ಕೊಟ್ಟಾಗ ಯಾವ ಪ್ರಭುತ್ವವೂ ಬೇಸರಿಸುವುದಿಲ್ಲ. ರೋಗದ ಬೇರು ಎಲ್ಲಿದೆಯೆಂದು ಹಳ್ಳಿಗನಿಗೆ ತಿಳಿಸಹೊರಟಾಗ ಅದು ಎಚ್ಚೆತ್ತುಕೊಳ್ಳುತ್ತದೆ ಎಂದು ನನಗೆ ಅನ್ನಿಸುತ್ತದೆ.

ತವರು ಬಾಗಿಲು ಮುಚ್ಚಿದಾಗ ಜಗತ್ತು ಕರೆಯಿತು. ಲೀಗ್ ಆಫ್ ನೇಷನ್ಸ್‌ನ ಆರೋಗ್ಯ ತಜ್ಞರಾಗಿ 1933ರಿಂದ 1936ರವರೆಗೆ ಅವರು ಚೀನಾದ ಪ್ರಾಂತಗಳನ್ನು ಸುತ್ತಿದರು. ರೈತನ ಬಡತನ ಮತ್ತು ಭೂಸಂಬಂಧಗಳ ಅನ್ಯಾಯವನ್ನು ಸರಿಪಡಿಸದೆ ಆರೋಗ್ಯ ಸುಧಾರಿಸದೆಂಬ ನಂಬಿಕೆ ಅಲ್ಲಿ ಇನ್ನಷ್ಟು ಗಟ್ಟಿಯಾಯಿತು. ನಂತರ ಅಮೆರಿಕದಲ್ಲಿ ಉಪನ್ಯಾಸ ನೀಡಿ, 1939ರಲ್ಲಿ ಝಾಗ್ರೆಬ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1941ರಲ್ಲಿ ಬಂಧಿತರಾಗಿ, ಯುದ್ಧ ಮುಗಿಯುವವರೆಗೆ ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಬಂದಿಯಾಗಿದ್ದರು.

ಬಿಡುಗಡೆಯಾದ ಮರುವರ್ಷವೇ ಅವರು ವಿಶ್ವ ಆರೋಗ್ಯ ಸಂಸ್ಥೆಯ ಕರಡು ರಚನೆಯಲ್ಲಿ ತೊಡಗಿದರು. ಅದರ ಮಧ್ಯಂತರ ಆಯೋಗಕ್ಕೂ ಅಧ್ಯಕ್ಷರಾದರು. ಆರೋಗ್ಯವೆಂದರೆ ರೋಗದ ಅಭಾವವಷ್ಟೇ ಅಲ್ಲ, ದೈಹಿಕ, ಮಾನಸಿಕ, ಸಾಮಾಜಿಕ ಕ್ಷೇಮವೂ ಹೌದು ಎಂಬ ತತ್ವವನ್ನು ಸಂವಿಧಾನ ಒಪ್ಪಿತು. ಒಬ್ಬ ದೊರೆಗೆ ಬೇಡವಾಗಿದ್ದ ವಿಚಾರಕ್ಕೆ ಹಲವು ರಾಷ್ಟ್ರಗಳು ಸಹಿ ಹಾಕಿದವು.

1958ರಲ್ಲಿ ಶ್ಟಾಂಪಾರ್ ತೀರಿಕೊಂಡರು. ಝಾಗ್ರೆಬ್‌ನ ಆ ಶಾಲೆ ಈಗ ಅವರ ಹೆಸರನ್ನೇ ಹೊತ್ತಿದೆ. ಪ್ರಾಥಮಿಕ ಆರೋಗ್ಯ ರಕ್ಷಣೆಗೆ ಒತ್ತು ನೀಡಿದ 1978ರ ಅಲ್ಮಾ-ಅಟಾ ಘೋಷಣೆಯಲ್ಲೂ ಅವರ ಚಿಂತನೆಯ ಛಾಯೆಯನ್ನು ಕಾಣಬಹುದು. ಆದರೂ ವೈದ್ಯ ಬಾಗಿಲಿಗೆ ಬರುತ್ತಾನೆಂಬ ಭರವಸೆಯಿಲ್ಲದೆ, ಇದ್ದುದನ್ನು ಮಾರಿ ಆಸ್ಪತ್ರೆಯ ಮೆಟ್ಟಿಲೇರುವವರು ಲೋಕದ ಅನೇಕ ದೇಶಗಳಲ್ಲಿದ್ದಾರೆ. ಅವರೆಲ್ಲರ ಪಾಲಿಗೆ ಆ ಸಂವಿಧಾನ ಇನ್ನೂ ಕಾಗದದ ಮೇಲಿನ ಮಾತಾಗಿಯೇ ಉಳಿದಿದೆ.