ಸರ್ ವಾಲ್ಟರ್ ಸ್ಕಾಟನ ಋಣ

ಕಚೇರಿಯಲ್ಲಿ ಗುಮಾಸ್ತೆಗಿರಿ ಮಾಡುವವನಿಗೆ ಗ್ರಂಥ ಬರೆಯುವ ಪುರಸತ್ತು ಎಲ್ಲಿಂದ ಬರಬೇಕೆಂದು ನಮ್ಮ ವಾಚಕರಲ್ಲಿ ಕೆಲವರು ಆಗಾಗ ನಮ್ಮನ್ನು ಕೇಳುವುದುಂಟು. ಅಂತಹವರಿಗೆ ನಾವು ಸ್ಕಾಟ್ಲೆಂಡಿನ ಸರ್ ವಾಲ್ಟರ್ ಸ್ಕಾಟನ ಕಡೆಗೆ ಬೆರಳು ಮಾಡುತ್ತೇವೆ. ಐತಿಹಾಸಿಕ ಕಾದಂಬರಿಗೆ ಹೆದ್ದಾರಿಯನ್ನು ಕಡಿದ ಈ ಪುರುಷನು ಎಡಿನ್‌ಬರೋ ನಗರದ ಉಚ್ಚ ನ್ಯಾಯಾಲಯದಲ್ಲಿ ಗುಮಾಸ್ತೆಯಾಗಿದ್ದನು. ಪ್ರಧಾನ ಗುಮಾಸ್ತೆ ಎನ್ನುವುದು ಗೌರವದ ಹುದ್ದೆಯೇ, ಸಂದೇಹವಿಲ್ಲ. ಆದರೆ ೧೮೦೬ರಲ್ಲಿ ಅವನು ಆ ಪೀಠದಲ್ಲಿ ಕುಳಿತಾಗ ಹಿಂದಿನ ವೃದ್ಧನು ಕೆಲಸವನ್ನಷ್ಟೇ ಬಿಟ್ಟುಕೊಟ್ಟಿದ್ದನು, ಸಂಬಳವನ್ನು ಬಿಟ್ಟುಕೊಟ್ಟಿರಲಿಲ್ಲ! ಐದಾರು ವರ್ಷ ಬಿಟ್ಟಿ ದುಡಿದ ಮೇಲೆಯೇ ಸ್ಕಾಟನಿಗೆ ವರ್ಷಕ್ಕೆ ೧,೩೦೦ ಪೌಂಡು ವೇತನವು ಕೈಸೇರತೊಡಗಿತು.

ಅವನು ಹುಟ್ಟಿದ್ದು ೧೭೭೧ನೆಯ ಆಗಸ್ಟ್ ೧೫ರಂದು. ಒಂದೂವರೆ ವರ್ಷದ ಕೂಸಾಗಿದ್ದಾಗಲೇ ಕಾಯಿಲೆಯೊಂದು ಬಡಿದು ಬಲಗಾಲು ಜನ್ಮಪರ್ಯಂತ ಕುಂಟಾಯಿತು. ಗಾಳಿ ಬದಲಾವಣೆಗೆಂದು ಅವನನ್ನು ತಾತನ ಹೊಲಮನೆಗೆ ಕಳುಹಿಸಿದರು. ಅಲ್ಲಿ ಅಜ್ಜಿಯೂ ಸೋದರತ್ತೆಯೂ ಗಡಿನಾಡಿನ ಕಾಳಗಗಳ ಕಥೆಗಳನ್ನು, ಲಾವಣಿಗಳನ್ನು ಅವನ ಕಿವಿಗೆ ತುಂಬಿದರು. ಹದಿಮೂರರ ಪ್ರಾಯದಲ್ಲಿ ಅತ್ತೆಯ ತೋಟದ ದೊಡ್ಡ ಮರದಡಿ ಕುಳಿತು ಹಳೆಯ ಲಾವಣಿಗಳ ಸಂಗ್ರಹವೊಂದನ್ನು ಓದುತ್ತಾ ಊಟದ ಹೊತ್ತನ್ನೇ ಮರೆತನಂತೆ. ಆ ವಯಸ್ಸಿನ ಹುಡುಗರ ಹಸಿವು ಎಂತಹುದೆಂಬುದು ಹೋಟೆಲಿನಲ್ಲಿ ಬಡಿಸಿದವರಿಗೆ ಚೆನ್ನಾಗಿ ಗೊತ್ತು. ಮುಂದೆ ತಂದೆಯ ವಕೀಲಿ ಕಚೇರಿಯಲ್ಲಿ ಉಮೇದುವಾರನಾಗಿ ಕಾಗದಪತ್ರಗಳ ನಕಲು ಮಾಡಿದನು. ಒಮ್ಮೆ ಅನ್ನ ವಿಶ್ರಾಂತಿಗಳಿಲ್ಲದೆ ಒಂದೇ ಪಟ್ಟಿನಲ್ಲಿ ೧೨೦ಕ್ಕೂ ಹೆಚ್ಚು ದೊಡ್ಡ ಹಾಳೆಗಳನ್ನು ನಕಲು ಮಾಡಿದ್ದುಂಟು. ಆ ನಕಲಿನ ಕಾಸು ಹೋದದ್ದು ಪುಸ್ತಕಗಳಿಗೆ, ಬಾಡಿಗೆ ಪುಸ್ತಕಾಲಯದ ಚಂದಾಕ್ಕೆ, ನಾಟಕಕ್ಕೆ.

ಸ್ಕಾಟನು ಬೆಳಗಿನ ಜಾವ ಐದು ಗಂಟೆಗೆ ಎದ್ದು, ಚಳಿಗಾಲವಾದರೆ ತಾನೇ ಬೆಂಕಿ ಹೊತ್ತಿಸಿಕೊಂಡು, ಆರು ಗಂಟೆಗೆ ಮೇಜಿನ ಮುಂದೆ ಕೂಡುತ್ತಿದ್ದನು. ಮನೆಯವರು ಉಪಾಹಾರಕ್ಕೆ ಸೇರುವಷ್ಟರಲ್ಲಿ ದಿನದ ಬರವಣಿಗೆಯ ಬಹುಪಾಲು ಮುಗಿದಿರುತ್ತಿತ್ತು. ಆ ಹೊತ್ತಿನಲ್ಲಿ ಅವನ ಜೊತೆಗಾರರು ನಾಯಿಗಳು. ಬೇಟೆನಾಯಿಗಳೆರಡು ಒಳಗೆ ಹೊರಗೆ ನೆಗೆದಾಡಲೆಂದು, ಹವೆ ಹೇಗೇ ಇರಲಿ, ಬರೆಯುವ ಕೋಣೆಯ ಕಿಟಕಿಯನ್ನು ತೆರೆದಿಡುತ್ತಿದ್ದನು. ಕ್ಯಾಂಪ್ ಎಂಬ ನಾಯಿ ೧೮೦೯ರಲ್ಲಿ ಸತ್ತಾಗ ಮನೆಯ ಹಿತ್ತಿಲಲ್ಲಿ ಹೂಳಿ, ಆ ರಾತ್ರಿ ಒಪ್ಪಿಕೊಂಡಿದ್ದ ಔತಣಕ್ಕೆ ಹೋಗದೆ, ಪ್ರಿಯ ಮಿತ್ರನೊಬ್ಬನು ತೀರಿಕೊಂಡನೆಂದು ಹೇಳಿ ಕಳುಹಿಸಿದನು. ಮೈದಾ ಎಂಬ ಭಾರಿ ಜಿಂಕೆನಾಯಿಯಂತೂ ಅವನ ನೆರಳು. ಎಡಿನ್‌ಬರೋ ನಗರದಲ್ಲಿ ೨೦೦ ಅಡಿ ಎತ್ತರದ ಸ್ಮಾರಕದಡಿ ಕುಳಿತಿರುವ ಸ್ಕಾಟನ ಅಮೃತಶಿಲೆಯ ಮೂರ್ತಿಯ ಪಕ್ಕದಲ್ಲಿ ಮೈದಾ ಇಂದಿಗೂ ಮಲಗಿದೆ. ಸಣ್ಣ ಜಾತಿಯ ನಾಯಿಗಳಿಗೆ ಅವನಿಟ್ಟ ಹೆಸರುಗಳನ್ನು ಕೇಳಿದರೆ ನಮ್ಮ ಅಡಿಗೆಯವರು ನಕ್ಕಾರು: ಮೆಣಸು, ಸಾಸಿವೆ, ಶುಂಠಿ!

ಮೊದಲು ಕಾವ್ಯಗಳಿಂದ ಕೀರ್ತಿ ಬಂದಿತು. ೧೮೦೫ರಲ್ಲಿ ಆರಂಭಿಸಿ ಮೂಲೆಗೆಸೆದಿದ್ದ ಒಂದು ಗದ್ಯಕಥೆ ಎಂಟು ವರ್ಷಗಳ ಮೇಲೆ ಮೀನು ಹಿಡಿಯುವ ಗಾಳದ ಸಾಮಾನನ್ನು ಹುಡುಕುವಾಗ ಹಳೆಯ ಮೇಜಿನಲ್ಲಿ ಸಿಕ್ಕಿತು. ಅದೇ ೧೮೧೪ರಲ್ಲಿ ಹೊರಬಂದ ‘ವೇವರ್ಲಿ’. ಕರ್ತೃವಿನ ಹೆಸರನ್ನು ಮಾತ್ರ ೧೮೨೭ರವರೆಗೆ ಬಹಿರಂಗವಾಗಿ ಒಪ್ಪಿಕೊಳ್ಳಲಿಲ್ಲ. ಬಂಕಿಮಚಂದ್ರರನ್ನು ಬಂಗಾಳದ ಸ್ಕಾಟನೆಂದು ಕರೆದರು. ಆ ಬಂಕಿಮರನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು. ಹೀಗೆ ಬಳಸುದಾರಿಯಿಂದ ಆ ರುಚಿ ನಮ್ಮ ಹಿರಿಯರಿಗೂ ಹತ್ತಿತು.

ಹಣ ಬಂದಂತೆಲ್ಲ ಸ್ಕಾಟನು ಟ್ವೀಡ್ ನದಿಯ ದಡದಲ್ಲಿ ಅಬಟ್ಸ್‌ಫರ್ಡ್ ಎಂಬ ಕೋಟೆಯಂತಹ ಮನೆಯನ್ನು ಕಟ್ಟಿಸಿದನು, ಭೂಮಿ ಕೊಂಡನು, ಸಾವಿರಾರು ಗ್ರಂಥಗಳನ್ನು ಕೂಡಿಹಾಕಿದನು. ಬರೆಯದಿದ್ದ ಪುಸ್ತಕಗಳ ಹಣವನ್ನೂ ಮುಂಗಡವಾಗಿ ತಂದು ಸುರಿದನು. ಇದು ತಪ್ಪೆಂದು ನಾವು ಹೇಳಲೇಬೇಕು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಬ್ಯಾಲಂಟೈನ್ ಎಂಬ ಮಿತ್ರನ ಮುದ್ರಣಾಲಯದಲ್ಲಿ ಅವನು ಗುಪ್ತ ಪಾಲುದಾರನಾಗಿದ್ದನು. ಆ ಮುದ್ರಣಾಲಯವೂ ಕಾನ್‌ಸ್ಟೇಬಲ್ ಎಂಬ ಪ್ರಕಾಶಕನೂ ಒಬ್ಬರ ಹುಂಡಿಗೆ ಇನ್ನೊಬ್ಬರು ರುಜು ಹಾಕಿ, ಅವಧಿ ತೀರಿದಾಗ ಹೊಸ ಹುಂಡಿ ಬರೆದು ಹಳೆಯದನ್ನು ತೀರಿಸುತ್ತಾ ಬಂದಿದ್ದರು. ವ್ಯಾಪಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಲುಗಾರರೊಬ್ಬರ ಕಾಗದಕ್ಕೆ ಸ್ನೇಹದ ಮೇಲೆ ರುಜು ಹಾಕಿ, ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಪರರ ಕೈಗೆ ಒಪ್ಪಿಸಿದ ಅನುಭವ ನಮಗೂ ಒಮ್ಮೆ ಆಗಿದೆ. ೧೮೨೬ರ ಜನವರಿಯಲ್ಲಿ ಲಂಡನ್ನಿನ ಒಂದು ಕಂಪನಿ ಮುಳುಗಿತು. ಅದರ ಹಿಂದೆಯೇ ಕಾನ್‌ಸ್ಟೇಬಲ್, ಅವನ ಹಿಂದೆ ಬ್ಯಾಲಂಟೈನ್. ಐವತ್ತನಾಲ್ಕು ವರ್ಷದ ಸ್ಕಾಟನ ತಲೆಯ ಮೇಲೆ ೧,೨೦,೦೦೦ ಪೌಂಡಿಗೂ ಮೀರಿದ ಋಣವು ಬಿದ್ದಿತು. ಅವನ ಸರಕಾರಿ ವರಮಾನಗಳೆಲ್ಲ ಸೇರಿ ವರ್ಷಕ್ಕೆ ೧,೬೦೦ ಪೌಂಡು. ಅದನ್ನೆಲ್ಲ ತೆತ್ತರೂ ಎಪ್ಪತ್ತೈದು ವರ್ಷ ಬೇಕಾಗಿತ್ತು.

ದಿವಾಳಿ ತೆಗೆದಿದ್ದರೆ ಕಾಯಿದೆಯ ಮೂಲಕ ಬಿಡುಗಡೆ ದೊರೆಯುತ್ತಿತ್ತು. ಮನೆಯನ್ನು ಹಿಂದಿನ ವರ್ಷವೇ ಮಗನ ಮದುವೆಯಲ್ಲಿ ಅವನ ಹೆಸರಿಗೆ ಮಾಡಿಯಾಗಿತ್ತು. ಇದನ್ನೆತ್ತಿ ಆಡಿಕೊಂಡವರೂ ಇರಬಹುದು. ಸ್ಕಾಟನು ದಿವಾಳಿಗೂ ಒಪ್ಪಲಿಲ್ಲ, ಮಿತ್ರರ ದಾನಕ್ಕೂ ಒಪ್ಪಲಿಲ್ಲ. ಮುಂದೆ ಬರೆಯುವುದೆಲ್ಲ ಸಾಲ ಕೊಟ್ಟವರದು, ತನಗೆ ಬೇಕಾದುದು ಕಾಲಾವಕಾಶ ಮಾತ್ರ ಎಂದನು. ಎಡಿನ್‌ಬರೋ ನಗರದ ಮನೆ ಮಾರಾಟವಾಯಿತು. ಮೇ ತಿಂಗಳಲ್ಲಿ ಹೆಂಡತಿ ತೀರಿಕೊಂಡಳು. ವಿಪತ್ತಿನ ಮುನ್ಸೂಚನೆ ಸಿಕ್ಕಿದ ದಿನಗಳ ಅವನ ದಿನಚರಿಯಲ್ಲಿ ನಮ್ಮ ಮನಸ್ಸನ್ನು ಕಲಕಿದ ಸಂಗತಿ ಒಂದುಂಟು. ಮನೆ ಮಠ ಕೈಬಿಡುವುದಕ್ಕಿಂತಲೂ ನಾಯಿಗಳನ್ನು ಯಾರಿಗೆ ಒಪ್ಪಿಸಲಿ, ಅವಕ್ಕೆ ದಯಾಳುವಾದ ಯಜಮಾನನು ಸಿಕ್ಕಾನೆಯೇ ಎಂಬ ಯೋಚನೆ ಅವನನ್ನು ಹೆಚ್ಚು ಬಾಧಿಸಿತು.

ಆಮೇಲಿನದು ಲೇಖನಿಯ ಕೂಲಿ. ನೆಪೋಲಿಯನ್ನನ ಚರಿತ್ರೆಯನ್ನು ಒಂಬತ್ತು ಸಂಪುಟಗಳಲ್ಲಿ ಬರೆದು ೧೮೨೭ರಲ್ಲಿ ಪ್ರಕಟಿಸಿದನು. ಎರಡು ವರ್ಷ ತುಂಬುವಷ್ಟರಲ್ಲಿ ಸುಮಾರು ೪೦,೦೦೦ ಪೌಂಡು ಸಂಪಾದನೆಯಾಗಿ, ಪೌಂಡಿಗೆ ಆರು ಶಿಲಿಂಗಿನಂತೆ ಹಂಚಿಕೆಯಾಯಿತು. ಆ ೧೮೨೭ರಲ್ಲೇ ಬಂದ ‘ದಿ ಸರ್ಜನ್ಸ್ ಡಾಟರ್’ ಎಂಬ ಕಥೆಯ ಕೊನೆಯ ಭಾಗ ನಡೆಯುವುದು ನಮ್ಮ ಮೈಸೂರು ಸೀಮೆಯಲ್ಲಿ. ಹೈದರಾಲಿಯೂ ಟಿಪ್ಪುವೂ ಅದರ ಪಾತ್ರಗಳು, ಬೆಂಗಳೂರೇ ರಂಗಸ್ಥಳ. ಇಂಡಿಯಾವನ್ನು ಕಾಣದ ಸ್ಕಾಟನು ಇಲ್ಲಿ ದಂಡಿನಲ್ಲಿದ್ದು ಬಂದ ನೆರೆಯವನೊಬ್ಬನಿಂದ ವಿವರಗಳನ್ನು ಕೇಳಿ ಬರೆದನು. ಕಥೆ ಅಷ್ಟಕ್ಕಷ್ಟೆ. ಆದರೂ ಅವನ ಸಾಲದ ಒಂದು ಕವಡೆಯನ್ನು ನಮ್ಮ ಬೆಂಗಳೂರು ತೀರಿಸಿತೆಂದು ನೆನೆದರೆ ನಮಗೇನೋ ಸಂತೋಷ.

೧೮೩೦ರಲ್ಲಿ ಪಾರ್ಶ್ವವಾಯು ಬಡಿಯಿತು, ಆದರೂ ಬರವಣಿಗೆ ನಿಲ್ಲಲಿಲ್ಲ. ಆ ಡಿಸೆಂಬರಿನಲ್ಲಿ ಸಾಲ ಕೊಟ್ಟವರೇ ಕೂಡಿ ಅವನ ಪುಸ್ತಕಭಂಡಾರವನ್ನೂ ಮನೆಯ ಸಾಮಾನುಗಳನ್ನೂ ಅವನಿಗೇ ಕಾಣಿಕೆಯಾಗಿ ಮರಳಿಸಿದರು. ಮರುವರ್ಷ ಸರಕಾರವು ಯುದ್ಧನೌಕೆಯೊಂದರಲ್ಲಿ ಅವನನ್ನು ಮಾಲ್ಟಾಕ್ಕೆ ಕಳುಹಿಸಿತು. ನೇಪಲ್ಸಿನಲ್ಲಿ, ಕದಡಿದ ಬುದ್ಧಿಯ ದೆಸೆಯಿಂದ, ಸಾಲವೆಲ್ಲ ತೀರಿತೆಂಬ ಭ್ರಮೆ ಹುಟ್ಟಿ ಹಾಯಾಗಿದ್ದನು. ೧೮೩೨ರ ಜುಲೈಯಲ್ಲಿ ಅಬಟ್ಸ್‌ಫರ್ಡಿಗೆ ಮರಳಿದಾಗ ನಾಯಿಗಳು ಕುರ್ಚಿಯನ್ನು ಸುತ್ತಿಕೊಂಡು ಕೈ ನೆಕ್ಕಿದವು. ಅವನು ನಕ್ಕನು, ಅತ್ತನು. ಕೆಲವು ದಿನಗಳ ಮೇಲೆ ಮೇಜಿನ ಬಳಿಗೆ ಒಯ್ಯಿರೆಂದು ಕೇಳಿದನು. ಮಗಳು ಕೈಗಿತ್ತ ಲೇಖನಿಯನ್ನು ಬೆರಳುಗಳು ಹಿಡಿಯಲಾರದೆ ಹೋದುವು. ಸೆಪ್ಟೆಂಬರ್ ೨೧ರಂದು ಪ್ರಾಣ ಹೋಯಿತು.

ಆಗ ಉಳಿದಿದ್ದ ಋಣ ಸುಮಾರು ೫೪,೦೦೦ ಪೌಂಡು. ಜೀವವಿಮೆಯಿಂದ ೨೨,೦೦೦ ಬಂದಿತು. ಮಿಕ್ಕಿದ್ದರ ಬಹುಪಾಲನ್ನು ಪ್ರಕಾಶಕ ಕೆಡೆಲನು ಪುಸ್ತಕಗಳ ಹಕ್ಕಿನ ಮೇಲೆ ಮುಂಗಡ ಕೊಟ್ಟು ೧೮೩೩ರಲ್ಲಿ ಸಾಲ ಕೊಟ್ಟವರ ಲೆಕ್ಕವನ್ನು ಚುಕ್ತಾ ಮಾಡಿಸಿದನು. ಆ ಮುಂಗಡವೂ ಆಸ್ತಿಯ ಮೇಲಿನ ಭಾರವೂ ಹಕ್ಕುಗಳ ಪೂರ್ಣ ವಿಕ್ರಯದಿಂದ ತೀರಿದ್ದು ೧೮೪೭ರಲ್ಲಿ. ಅದನ್ನು ನೋಡಲು ಹಿರಿಯ ಮಗನು ಉಳಿದಿರಲಿಲ್ಲ. ಕುದುರೆದಂಡಿನ ಅಧಿಕಾರಿಯಾಗಿ ಬೆಂಗಳೂರಿನಲ್ಲಿದ್ದ ಅವನು, ಅಲ್ಲಿಯೇ ಕಾಯಿಲೆ ಬಿದ್ದು ಸ್ವದೇಶಕ್ಕೆ ಹಡಗು ಹತ್ತಿ, ಅದೇ ವರ್ಷದ ಫೆಬ್ರವರಿಯಲ್ಲಿ ನಡುಗಡಲಿನಲ್ಲಿ ತೀರಿಕೊಂಡಿದ್ದನು.