ಗಿಲ್ಬರ್ಟ್ ವೈಟ್: ಒಂದೇ ಊರಿನ ಹಕ್ಕಿಗಳ ಲೆಕ್ಕ ಇಟ್ಟವರು

ಪಕ್ಷಿ ವೀಕ್ಷಣೆ ಎಂದಕೂಡಲೇ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ರಂಗನತಿಟ್ಟು, ಕೊಕ್ಕರೆ ಬೆಳ್ಳೂರು ಮತ್ತು ಶಾಲಾ ಪ್ರವಾಸದ ಬಸ್ಸು. ಆದರೆ ಬದುಕಿರುವ ಹಕ್ಕಿಯನ್ನು ಅದರ ನೆಲೆಯಲ್ಲೇ ಗಮನಿಸಿ ಬರೆದಿಡುವ ಪದ್ಧತಿಗೆ ತಳಹದಿ ಹಾಕಿದವರಲ್ಲಿ ಒಬ್ಬರಾದ ಗಿಲ್ಬರ್ಟ್ ವೈಟ್ ತಮ್ಮ ಬದುಕಿನ ಬಹುಭಾಗವನ್ನು ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯಲ್ಲೇ ಕಳೆದರು. ಗಾಡಿಯಲ್ಲಿ ಕುಳಿತರೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಕುದುರೆಯ ಮೇಲೆ ಅಥವಾ ಕಾಲ್ನಡಿಗೆಯಲ್ಲೇ ಓಡಾಡುತ್ತಿದ್ದರು. ವಿಜ್ಞಾನ ಬೋಧಿಸಲು ಸಿದ್ಧರಾಗುತ್ತಿರುವ ನಮಗೆ ಅವರ ಜೀವನ ಹಲವು ಕಾರಣಗಳಿಂದ ಉಪಯುಕ್ತವಾಗಿದೆ.

ಜನನ, ವಿದ್ಯಾಭ್ಯಾಸ, ವೃತ್ತಿ

ಗಿಲ್ಬರ್ಟ್ ವೈಟ್ 1720ರ ಜುಲೈ 18ರಂದು ಹ್ಯಾಂಪ್‌ಶೈರ್ ಪ್ರಾಂತ್ಯದ ಸೆಲ್ಬೋರ್ನ್ ಗ್ರಾಮದಲ್ಲಿ ಜನಿಸಿದರು. ಅವರ ಅಜ್ಜ ಆ ಊರಿನ ಚರ್ಚಿನ ಪಾದ್ರಿಯಾಗಿದ್ದರು. ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ಓದಿ 1743ರಲ್ಲಿ ಪದವಿ ಪಡೆದು, ಮರುವರ್ಷ ಅಲ್ಲಿಯೇ ಫೆಲೋ ಆಗಿ ಆಯ್ಕೆಯಾದರು. ನಂತರ ಪಾದ್ರಿಯ ದೀಕ್ಷೆ ಪಡೆದು ಹಲವು ಊರುಗಳಲ್ಲಿ ಸೇವೆ ಸಲ್ಲಿಸಿದರು. ಆದರೆ ಹುಟ್ಟೂರಿನ ಮುಖ್ಯ ಪಾದ್ರಿಯ ಸ್ಥಾನ ಅವರಿಗೆ ಕೊನೆಗೂ ದೊರೆಯಲಿಲ್ಲ. ಆ ನೇಮಕದ ಹಕ್ಕು ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನದಾಗಿತ್ತು. ವೈಟ್ ಬೇರೆ ಕಾಲೇಜಿನವರು. ಹೀಗಾಗಿ ಸೆಲ್ಬೋರ್ನಿನಲ್ಲಿ ಅವರು ಸಹಾಯಕ ಪಾದ್ರಿಯಾಗಿಯೇ ಉಳಿದರು. ಆದರೂ ಊರು ಬಿಡಲಿಲ್ಲ. ಮದುವೆಯಾಗಲಿಲ್ಲ. ದಿ ವೇಕ್ಸ್ ಎಂಬ ಮನೆ, ಅದರ ಹಿಂದಿನ ತೋಟ ಮತ್ತು ಗುಡ್ಡದ ಮೇಲಿನ ಬೀಚ್ ಮರಗಳ ಕಾಡೇ ಅವರ ಪ್ರಯೋಗಾಲಯವಾಯಿತು.

ದಿನಚರಿಯ ಅಭ್ಯಾಸ

ವೈಟ್ 1751ರಲ್ಲಿ ತೋಟದ ದಿನಚರಿ ಬರೆಯಲು ಪ್ರಾರಂಭಿಸಿದರು. ಯಾವ ಬೀಜ ಎಂದು ಬಿತ್ತಿದೆ, ಸೌತೆ ಎಂದು ಕಾಯಿಬಿಟ್ಟಿತು, ಹಿಮ ಎಂದು ಬಿತ್ತು ಎಂಬಂಥ ಸರಳ ದಾಖಲೆಗಳು ಅದರಲ್ಲಿದ್ದವು. 1768ರಿಂದ ಅವರು ಅಂಕಣಗಳಿದ್ದ ಮುದ್ರಿತ ಪುಸ್ತಕವೊಂದನ್ನು ಬಳಸತೊಡಗಿದರು. ಉಷ್ಣಾಂಶ, ಗಾಳಿಯ ಒತ್ತಡ, ಗಾಳಿಯ ದಿಕ್ಕು, ಮಳೆ, ಹೂಬಿಟ್ಟ ಗಿಡ, ಕಾಣಿಸಿಕೊಂಡ ಹಕ್ಕಿ, ಮರೆಯಾದ ಹಕ್ಕಿ ಹೀಗೆ ಒಂದೊಂದಕ್ಕೂ ಒಂದೊಂದು ಅಂಕಣ. ಇದನ್ನು ರೂಪಿಸಿದವರು ಅವರ ಪತ್ರಮಿತ್ರ ಡೇನ್ಸ್ ಬ್ಯಾರಿಂಗ್ಟನ್. ಸುಮಾರು 25 ವರ್ಷ, ಸಾಯುವ ಕೆಲವು ದಿನಗಳ ಹಿಂದಿನವರೆಗೂ, ವೈಟ್ ಇದನ್ನು ತುಂಬಿದರು.

ಇಂಗ್ಲೆಂಡಿನಲ್ಲಿ ಏಪ್ರಿಲ್ ಕೊನೆಯಿಂದ ಜೂನ್‌ವರೆಗಿನ ಬೇಸಿಗೆಯ ಆರಂಭ ಹಕ್ಕಿ ನೋಡುವವರಿಗೆ ಹಬ್ಬದ ಕಾಲ. ದಕ್ಷಿಣದಿಂದ ವಲಸೆ ಹಕ್ಕಿಗಳು ಬಂದಿಳಿಯುತ್ತವೆ, ಗಂಡುಗಳು ಬೆಳಗಿನ ಜಾವದಿಂದಲೇ ಹಾಡುತ್ತವೆ, ಗೂಡುಗಳು ಏಳುತ್ತವೆ. ವೈಟ್ ಅವರ ದಿನಚರಿಯಲ್ಲಿ ಅತ್ಯಂತ ಹುರುಪಿನ ಪುಟಗಳು ಈ ತಿಂಗಳುಗಳವು. ಮೇ ತಿಂಗಳ ಮೊದಲ ದಿನಗಳಲ್ಲಿ ಬರುವ ಬಾನಾಡಿಗಳನ್ನು ಅವರು ಪ್ರತಿವರ್ಷ ಎಣಿಸಿದರು. ಊರಿನಲ್ಲಿ ವರ್ಷವರ್ಷವೂ ಎಂಟೇ ಜೋಡಿ ಇರುವುದನ್ನು ಗುರುತಿಸಿದರು. ಪ್ರತಿವರ್ಷ ಮರಿಗಳಾದರೂ ಜೋಡಿಗಳ ಸಂಖ್ಯೆ ಏಕೆ ಹೆಚ್ಚುವುದಿಲ್ಲ ಎಂಬ ಪ್ರಶ್ನೆ ಆ ಎಣಿಕೆಯಿಂದ ಹುಟ್ಟಿತು. ಕಣಜಗೂಬೆಗಳು ಮರಿಗಳಿಗೆ ಆಹಾರ ತರುವುದನ್ನು ಗಡಿಯಾರ ಹಿಡಿದು ಒಂದು ಗಂಟೆ ಕಾಲ ನೋಡಿ, ತಂದೆ ತಾಯಿಗಳಲ್ಲಿ ಒಂದಲ್ಲ ಒಂದು ಸುಮಾರು ಐದು ನಿಮಿಷಕ್ಕೊಮ್ಮೆ ಗೂಡಿಗೆ ಮರಳುತ್ತದೆ ಎಂದು ಬರೆದಿಟ್ಟರು.

ಒಂದರಲ್ಲಿ ಮೂರು

ವೈಟ್ ಅವರ ಪ್ರಸಿದ್ಧ ಶೋಧನೆ ನಡೆದದ್ದು ಅತಿ ಸಾಮಾನ್ಯವಾದ ಹಕ್ಕಿಯಲ್ಲಿ. ಎಲೆಗಳ ನಡುವೆ ಹುಳು ಹಿಡಿಯುವ, ಹಸಿರು ಹಳದಿ ಬಣ್ಣದ ಪುಟ್ಟ ಉಲಿಯಕ್ಕಿಗಳನ್ನು ಆಗ ಸಾಮಾನ್ಯವಾಗಿ ಒಂದೇ ಜಾತಿಯೆಂದು ತಿಳಿಯಲಾಗಿತ್ತು. ವೈಟ್ ಅವುಗಳ ಧ್ವನಿಗೆ ಕಿವಿಗೊಟ್ಟರು. ಒಂದು ಎರಡೇ ಸ್ವರಗಳನ್ನು ಮತ್ತೆ ಮತ್ತೆ ಉಲಿಯುತ್ತಿತ್ತು. ಇನ್ನೊಂದರ ಹಾಡು ಮೇಲಿನಿಂದ ಇಂಪಾಗಿ ಇಳಿಯುತ್ತಿತ್ತು. ಮೂರನೆಯದು ಎತ್ತರದ ಬೀಚ್ ಮರದ ತುದಿಯಲ್ಲಿ ರೆಕ್ಕೆ ನಡುಗಿಸುತ್ತಾ ಮಿಡತೆಯಂತೆ ಸದ್ದು ಮಾಡುತ್ತಿತ್ತು. ಅವು ಮೂರು ಬೇರೆ ಬೇರೆ ಜಾತಿಗಳು ಎಂದು ಅವರು 1768ರಲ್ಲಿ ಸ್ಪಷ್ಟಪಡಿಸಿದರು. ಊರಿನವರೆಲ್ಲ ದಿನವೂ ಕೇಳುತ್ತಿದ್ದ ಸದ್ದೇ ಅವರಿಗೆ ಪುರಾವೆಯಾಯಿತು.

ಅಪರೂಪದ ಅತಿಥಿಗಳು

ದಿನದ ಹಕ್ಕಿಗಳ ಪರಿಚಯ ಹೀಗೆ ಗಟ್ಟಿಯಾಗಿದ್ದುದರಿಂದ ಹೊಸದೊಂದು ಬಂದರೆ ವೈಟ್ ಅವರಿಗೆ ತಕ್ಷಣ ಗೊತ್ತಾಗುತ್ತಿತ್ತು. ಒಂದು ಬೇಸಿಗೆಯಲ್ಲಿ ಅವರ ತೋಟದ ಪಕ್ಕದ ಜಾಗಕ್ಕೆ ಒಂದು ಜೋಡಿ ಚಂದ್ರಮುಕುಟ ಹಕ್ಕಿಗಳು ಬಂದವು. ತಾವು ಆ ಭಾಗದಲ್ಲಿ ಕಂಡ ಅತಿ ವಿಶೇಷ ಹಕ್ಕಿಗಳು ಇವೇ ಎಂದು ವೈಟ್ ಭಾವಿಸಿದರು. ಕೆಲವು ವಾರ ಅವು ಠೀವಿಯಿಂದ ನಡೆಯುತ್ತಾ ದಿನಕ್ಕೆ ಹಲವು ಬಾರಿ ಮೇಯುತ್ತಿದ್ದವು. ಅಲ್ಲೇ ಗೂಡು ಮಾಡುವ ಲಕ್ಷಣವೂ ಕಂಡಿತು. ಆದರೆ ಊರಿನ ಹುಡುಗರು ಅವನ್ನು ಬೆದರಿಸಿ ಅಟ್ಟಿದರು. ನೆಮ್ಮದಿಯಾಗಿ ಇರಲು ಬಿಡಲೇ ಇಲ್ಲ.

ಎರಡನೆಯ ಘಟನೆ 1779ರ ಏಪ್ರಿಲ್ ಕೊನೆಯ ವಾರದ್ದು. ಫ್ರೆನ್ಶಮ್ ಎಂಬಲ್ಲಿನ ದೊಡ್ಡ ಕೆರೆಗೆ ಆರು ಮೆಟ್ಟುಗಾಲು ಹಕ್ಕಿಗಳು ಬಂದವು. ಕೆರೆಯ ಕಾವಲುಗಾರ ಐದನ್ನು ಗುಂಡಿಟ್ಟು ಕೊಂದ. ಕುತೂಹಲ ತಣಿದ ಮೇಲೆ ಆರನೆಯದನ್ನು ಅದರ ಪಾಡಿಗೆ ಬಿಟ್ಟ. ಒಂದು ಹಕ್ಕಿಯ ದೇಹ ವೈಟ್ ಅವರ ಕೈ ಸೇರಿತು. ದುರ್ಬೀನು, ಕ್ಯಾಮೆರಾಗಳಿಂದ ಹಕ್ಕಿ ಗುರುತಿಸುವ ಕಾಲ ಅದಲ್ಲ. ಅಪರೂಪದ ಹಕ್ಕಿ ಬಂದರೆ ಅದನ್ನು ಕೊಂದು ಗುರುತಿಸುವುದೇ ರೂಢಿಯಾಗಿತ್ತು. ವೈಟ್ ಅವರ ಜ್ಞಾನದ ಒಂದು ಭಾಗವೂ ಹೀಗೆಯೇ ಬಂದದ್ದು ಎಂಬುದನ್ನು ನಾವು ಮರೆಮಾಚಬೇಕಾಗಿಲ್ಲ.

ಉದ್ದಗಾಲಿನ ಲೆಕ್ಕ

ಆ ಹಕ್ಕಿಯನ್ನು ವೈಟ್ ತೂಗಿ ಅಳೆದರು. ಒಳಭಾಗ ತೆಗೆದು ಮೆಣಸು ತುಂಬಿದ್ದ ಆ ದೇಹದ ತೂಕ ನಾಲ್ಕೂಕಾಲು ಔನ್ಸ್. ಕಾಲಿನ ಉದ್ದ ಒಟ್ಟು 8 ಇಂಚು. ಉದ್ದ ಕಾಲಿಗೆ ಹೆಸರಾದ ಫ್ಲೆಮಿಂಗೊ ಸುಮಾರು 4 ಪೌಂಡ್, ಅಂದರೆ 64 ಔನ್ಸ್ ತೂಗುತ್ತದೆ. ಅದರ ಕಾಲು ಸುಮಾರು 20 ಇಂಚು. ತೂಕ ಸುಮಾರು 15 ಪಟ್ಟು ಆದ್ದರಿಂದ, ಇದೇ ಪ್ರಮಾಣದಲ್ಲಿ ಫ್ಲೆಮಿಂಗೊಗೆ 120 ಇಂಚು, ಅಂದರೆ 10 ಅಡಿಗಿಂತ ಉದ್ದದ ಕಾಲಿರಬೇಕಿತ್ತು ಎಂದು ಅವರು ಲೆಕ್ಕ ಹಾಕಿದರು. ತೂಕಕ್ಕೆ ಹೋಲಿಸಿದರೆ ಮೆಟ್ಟುಗಾಲು ಹಕ್ಕಿಯಷ್ಟು ಉದ್ದದ ಕಾಲು ಬೇರೆ ಯಾವ ಹಕ್ಕಿಗೂ ಇಲ್ಲವೆಂದು ತೀರ್ಮಾನಿಸಿದರು.

ಗುಣಾಕಾರ ಸರಿ, ಅನುಪಾತ ತಪ್ಪು. ದೇಹದ ಉದ್ದ, ಅಗಲ, ಎತ್ತರ ಮೂರೂ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. ತೂಕವು ಉದ್ದದ ಘನದಂತೆ ಬೆಳೆಯುವುದರಿಂದ, 15 ಪಟ್ಟು ತೂಕಕ್ಕೆ ಉದ್ದ ಹೆಚ್ಚಬೇಕಾದದ್ದು 15ರ ಘನಮೂಲದಷ್ಟು, ಅಂದರೆ ಸುಮಾರು 2.47 ಪಟ್ಟು. 8 ಇಂಚನ್ನು 2.47ರಿಂದ ಗುಣಿಸಿದರೆ 19.76 ಇಂಚು ಬರುತ್ತದೆ. ಫ್ಲೆಮಿಂಗೊದ ಕಾಲಿಗೆ ವೈಟ್ ಅವರೇ ಕೊಟ್ಟ ಅಳತೆ 20 ಇಂಚು! ಎರಡು ಹಕ್ಕಿಗಳ ಕಾಲಿನ ಪ್ರಮಾಣ ಹೆಚ್ಚುಕಡಿಮೆ ಒಂದೇ. ಈ ದೋಷವನ್ನು ಮುಂದೆ ಡಾರ್ಸಿ ಥಾಂಪ್ಸನ್ ಎಂಬ ಜೀವವಿಜ್ಞಾನಿ ಎತ್ತಿ ತೋರಿಸಿದರು. ವೈಟ್ ತಮ್ಮ ಅಳತೆಗಳನ್ನು ಪ್ರಾಮಾಣಿಕವಾಗಿ ಬರೆದಿಟ್ಟಿದ್ದರಿಂದಲೇ ಅವರ ತೀರ್ಮಾನವನ್ನು ತಿದ್ದಲು ಸಾಧ್ಯವಾಯಿತು.

ಪುಸ್ತಕ ಮತ್ತು ಉಳಿದ ಪ್ರಶ್ನೆ

ಬ್ಯಾರಿಂಗ್ಟನ್ ಮತ್ತು ಥಾಮಸ್ ಪೆನೆಂಟ್ ಎಂಬ ಪ್ರಕೃತಿ ವಿಜ್ಞಾನಿಗೆ ವೈಟ್ ಬರೆದ ಪತ್ರಗಳು ಸೆಲ್ಬೋರ್ನಿನ ಪ್ರಕೃತಿ ಚರಿತ್ರೆಯ ಪುಸ್ತಕವಾಗಿ 1789ರ ಹೊತ್ತಿಗೆ ಹೊರಬಂದವು. ಅದು ಇಂದಿಗೂ ಮುದ್ರಣದಲ್ಲಿದೆ. ಚಾರ್ಲ್ಸ್ ಡಾರ್ವಿನ್ ಬಾಲ್ಯದಲ್ಲಿ ಇದನ್ನು ಓದಿಯೇ ಹಕ್ಕಿಗಳ ನಡವಳಿಕೆ ಗಮನಿಸಲು ತೊಡಗಿದರು.

ಒಂದು ಪ್ರಶ್ನೆ ಮಾತ್ರ ವೈಟ್ ಅವರಿಗೆ ಬಗೆಹರಿಯಲಿಲ್ಲ. ಸ್ವಾಲೋ ಹಕ್ಕಿಗಳು ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತವೆ? ಜಿಬ್ರಾಲ್ಟರಿನಲ್ಲಿದ್ದ ಅವರ ತಮ್ಮ ಜಾನ್, ಹಕ್ಕಿಗಳು ಜಲಸಂಧಿ ದಾಟುವುದನ್ನು ಕಂಡು ತಿಳಿಸಿದ್ದರು. ಹಲವು ಹಕ್ಕಿಗಳು ವಲಸೆ ಹೋಗುತ್ತವೆಂದು ವೈಟ್ ಒಪ್ಪಿದರು. ಆದರೂ ಕೆಲವು ಊರಲ್ಲೇ ಅಡಗಿ ನಿದ್ರಿಸುತ್ತವೆ ಎಂಬ ಗುಮಾನಿ ಬಿಡಲಿಲ್ಲ. ಆಳುಗಳನ್ನಿಟ್ಟು ಗುಡ್ಡದ ಪೊದೆಗಳ ಬೇರಿನ ಸಂದುಗಳಲ್ಲೂ ಹುಡುಕಿಸಿದರು. ಒಂದೂ ಸಿಗಲಿಲ್ಲ. ಸಿಗಲಿಲ್ಲ ಎಂಬುದನ್ನೂ ಬರೆದಿಟ್ಟರು. 1793ರ ಜೂನ್ 26ರಂದು ಅವರು ತೀರಿಕೊಂಡರು. ಸಮಾಧಿಯ ಕಲ್ಲಿನ ಮೇಲಿರುವುದು ಹೆಸರಿನ ಎರಡು ಮೊದಲಕ್ಷರ ಮತ್ತು ದಿನಾಂಕ ಮಾತ್ರ.

ನಮ್ಮ ಅಭ್ಯಾಸ ಬೋಧನೆಗೆ

ವೈಟ್ ಅವರಿಗೆ ಅಪರೂಪವೆನಿಸಿದ ಎರಡೂ ಹಕ್ಕಿಗಳು ನಮಗೆ ಅಪರೂಪವಲ್ಲ. ಚಂದ್ರಮುಕುಟ ನಮ್ಮ ಶಾಲಾ ಮೈದಾನಗಳಲ್ಲೇ ಕೊಕ್ಕಿನಿಂದ ಮಣ್ಣು ಕೆದಕುತ್ತದೆ. ಮೆಟ್ಟುಗಾಲು ಹಕ್ಕಿ ಊರ ಕೆರೆಯ ಕೆಸರಂಚಿನಲ್ಲಿ ನಿಂತಿರುತ್ತದೆ. ಅಪರೂಪ ಎನ್ನುವುದು ಹಕ್ಕಿಯ ಗುಣವಲ್ಲ, ಸ್ಥಳದ ಮಾತು. ಇದನ್ನು ಮಕ್ಕಳಿಗೆ ತಿಳಿಸಲು ಅಭಯಾರಣ್ಯಕ್ಕೇ ಹೋಗಬೇಕೆಂದಿಲ್ಲ.

ತರಗತಿಯ ಗೋಡೆಗೆ ಒಂದು ಅಂಕಣದ ಹಾಳೆ ಅಂಟಿಸಿ, ದಿನಕ್ಕೆ ಐದು ನಿಮಿಷ ಮೀಸಲಿಟ್ಟರೆ ಸಾಕು: ದಿನಾಂಕ, ಹವಾಮಾನ, ಕಂಡ ಹಕ್ಕಿ, ಕೇಳಿದ ಸದ್ದು. ನಮ್ಮ ಬೇಸಿಗೆಯ ಆರಂಭ ಇದಕ್ಕೆ ಒಳ್ಳೆಯ ಕಾಲ. ಮಾರ್ಚ್, ಏಪ್ರಿಲ್‌ನಲ್ಲಿ ಚಳಿಗಾಲದ ಅತಿಥಿಗಳು ಉತ್ತರಕ್ಕೆ ಹೊರಡುತ್ತವೆ. ತಂತಿಯ ಮೇಲಿನ ಸ್ವಾಲೋಗಳನ್ನು ಕೊನೆಯ ಬಾರಿ ಕಂಡ ದಿನ ಯಾವುದು ಎಂದು ಮಕ್ಕಳು ಗುರುತು ಹಾಕಬಹುದು. ಘನಮೂಲದ ಪಾಠಕ್ಕೆ ವೈಟ್ ಅವರ ಅಳತೆಗಳನ್ನೇ ಕಪ್ಪುಹಲಗೆಯ ಮೇಲೆ ಬರೆದು, ಲೆಕ್ಕದ ದೋಷವನ್ನು ಮಕ್ಕಳೇ ಹುಡುಕುವಂತೆ ಮಾಡಬಹುದು.

ಸೆಲ್ಬೋರ್ನಿನ ಆ ಹುಡುಗರ ಕೈಗೆ ಯಾರೂ ಪೆನ್ಸಿಲ್ ಕೊಟ್ಟು, ಹಕ್ಕಿ ಎಷ್ಟು ಬಾರಿ ಮೇಯಲು ಬಂತು ಎಂದು ಎಣಿಸಲು ಹೇಳಿರಲಿಲ್ಲ. ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲೂ ಕಲ್ಲೆಸೆಯುವ ಹುಡುಗ ಇರುತ್ತಾನೆ. ಗೋಡೆಯ ಹಾಳೆ ತುಂಬುವ ಕೆಲಸವನ್ನು ಮೊದಲು ಅವನಿಗೇ ವಹಿಸಬೇಕು.