ಕಾಳಿನ ಒಳಗನ್ನು ಕಂಡ ಬಿ.ಜಿ.ಎಲ್. ಸ್ವಾಮಿ



ಊರಿನಿಂದ ಜೋಳದ ಚೀಲ ಬಂದ ದಿನ ಬಾಯ್ನಾದ ನಮ್ಮ ಮನೆಗಳಲ್ಲಿ ಒಂದು ಸಂಭ್ರಮ. ಆ ಜೋಳ ರೊಟ್ಟಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಹೂವು ಕಾಳಾಗುವುದು ಹೇಗೆಂಬುದನ್ನು ಬಲ್ಲವರು ಕಡಿಮೆ. ಹೂವಿನ ಒಡಲಲ್ಲಿ ಬೀಜ ರೂಪುಗೊಳ್ಳುವ ಬಗೆಯನ್ನೇ ತಮ್ಮ ವ್ಯಾಸಂಗವನ್ನಾಗಿ ಮಾಡಿಕೊಂಡು, ಸಸ್ಯಲೋಕದ ಸೊಬಗನ್ನು ಕನ್ನಡದಲ್ಲಿ ತೆರೆದಿಟ್ಟ ಮಹನೀಯರು ಡಾ. ಬಿ.ಜಿ.ಎಲ್. ಸ್ವಾಮಿಯವರು.

ಸ್ವಾಮಿಯವರು ಜನಿಸಿದ್ದು 1918ರಲ್ಲಿ. ‘ಮಂಕುತಿಮ್ಮನ ಕಗ್ಗ’ದ ಕವಿ ಡಿ.ವಿ. ಗುಂಡಪ್ಪನವರು ಅವರ ತಂದೆ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡರು. ಮನೆಯಲ್ಲಿ ಹಣಕ್ಕಿಂತ ಪುಸ್ತಕಗಳ ಸಿರಿ ಹೆಚ್ಚಾಗಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ, ಮೈಸೂರು ವಿಶ್ವವಿದ್ಯಾನಿಲಯದ ಡಿ.ಎಸ್ಸಿ. ಪದವಿ ಪಡೆದರು. ಅನಂತರ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ಬೈಲಿ ಎಂಬ ಹೆಸರಾಂತ ವಿಜ್ಞಾನಿಯೊಡನೆ ಸಂಶೋಧನೆ ನಡೆಸಿದರು. ಮುಂದೆ ತಾವು ಗುರುತಿಸಿದ ಒಂದು ಸಸ್ಯಕ್ಕೆ ಆ ಗುರುವಿನ ಹೆಸರನ್ನೇ ಇಟ್ಟರು. ತಾಯ್ನಾಡಿಗೆ ಮರಳಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿಯೂ ಪ್ರಾಂಶುಪಾಲರಾಗಿಯೂ ಸೇವೆ ಸಲ್ಲಿಸಿದರು.

ಅವರ ವಿಷಯ ಸಸ್ಯಭ್ರೂಣಶಾಸ್ತ್ರ. ಹೂವಿನ ಅಂಡಾಶಯವನ್ನು ಕೂದಲಿಗಿಂತ ತೆಳುವಾದ ಪದರಗಳನ್ನಾಗಿ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡುತ್ತಾ ಹೋಗುವುದು ಈ ಶಾಸ್ತ್ರದ ಕ್ರಮ. ಒಂದು ಪದರ ಹಾಳಾದರೆ ಕಥೆಯ ಒಂದು ಪುಟ ಹರಿದಂತೆ. ಇಂಥ ತಾಳ್ಮೆಯ ಕೆಲಸದಿಂದ ಅವರು ಆರ್ಕಿಡ್ ಹೂಗಳ ಭ್ರೂಣವನ್ನು ವಿಶೇಷವಾಗಿ ಅಭ್ಯಸಿಸಿದರು.

ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಎಳೆಯ ಸಸಿಗೆ ಬೇಕಾದ ಬುತ್ತಿ, ಎಂದರೆ ಭ್ರೂಣಾಹಾರ, ಅದರಲ್ಲಿ ಬೆಳೆಯುವುದೇ ಇಲ್ಲ. ಜೋಳದ ಕಾಳು ಇದಕ್ಕೆ ತದ್ವಿರುದ್ಧ. ಅದರ ಬಹುಭಾಗವೆಲ್ಲ ಬುತ್ತಿಯೇ. ಪರಾಗದಿಂದ ಬಂದ ಎರಡು ಗಂಡುಕಣಗಳಲ್ಲಿ ಒಂದು ಅಂಡವನ್ನು ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ನಡುವಣ ಕೋಶವನ್ನು ಕೂಡಿ ಈ ಭ್ರೂಣಾಹಾರವಾಗುತ್ತದೆ. ಸಸಿಗೆಂದು ಗಿಡ ಕಟ್ಟಿಟ್ಟ ಬುತ್ತಿಯೇ ನಮ್ಮ ರೊಟ್ಟಿ, ಅನ್ನ.

ಸ್ವಾಮಿಯವರಂಥವರು ಬೀಜವೆಂಬ ಮನೆಯ ಕಟ್ಟಡವನ್ನು ವಿವರಿಸಿದರು. ಆ ಕೆಲಸ ಮಾಡಿಸುವ ಮೇಸ್ತ್ರಿಗಳು ಯಾರು? ಅವೇ ಹಾರ್ಮೋನುಗಳು, ಸಸ್ಯವು ತನ್ನೊಳಗೆ ತಾನೇ, ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸಿಕೊಳ್ಳುವ ರಾಸಾಯನಿಕಗಳು. ಸ್ವಾಮಿಯವರು ಮದರಾಸಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲೇ, 1963ರಲ್ಲಿ, ನ್ಯೂಜಿಲೆಂಡಿನ ಲೇಥಮ್ ಎಂಬ ವಿಜ್ಞಾನಿ ಎಳೆಯ ಗೋವಿನಜೋಳದ ಕಾಳುಗಳಿಂದ ಅಂಥದೊಂದನ್ನು ಬೇರ್ಪಡಿಸಿದರು. ಅದು ಸೈಟೊಕೈನಿನ್ ಗುಂಪಿಗೆ ಸೇರಿದ್ದು. ಕಾಳು ಕಟ್ಟುವ ಮೊದಲ ದಿನಗಳಲ್ಲಿ ಇದು ಹೆಚ್ಚಾಗಿದ್ದು, ಭ್ರೂಣಾಹಾರದ ಕೋಶಗಳು ಒಡೆದು ಹಲವಾಗುವಂತೆ ಮಾಡುತ್ತದೆ. ಕೋಶಗಳು ಎಷ್ಟೋ, ಹಿಟ್ಟು ತುಂಬುವ ಕಣಜಗಳು ಅಷ್ಟು. ಬಳಿಕ ಕಾಳು ತುಂಬುವಾಗ ಆಕ್ಸಿನ್ ಹೆಚ್ಚುತ್ತದೆ. ನಾವು ಸೀತನಿ ತಿನ್ನುವುದು ಈ ಹಂತದಲ್ಲಿ. ಸಕ್ಕರೆಯೆಲ್ಲ ಇನ್ನೂ ಹಿಟ್ಟಾಗಿರದ ಕಾರಣ ಅದು ಸಿಹಿ. ಕೊನೆಗೆ ಆಬ್ಸಿಸಿಕ್ ಆಮ್ಲವು ಕಾಳು ಬಲಿತು ಒಣಗುವುದಕ್ಕೆ ನೆರವಾಗಿ, ಅದನ್ನು ನಿದ್ರೆಗೆ ಕಳುಹಿಸುತ್ತದೆ. ಈ ನಿದ್ರೆ ಸಾಲದಿದ್ದರೆ, ಕೊಯ್ಲಿನ ಹೊತ್ತಿಗೆ ಮಳೆ ಹಿಡಿದಾಗ ಕಾಳು ತೆನೆಯಲ್ಲೇ ಮೊಳೆತು ರೈತನ ವರ್ಷದ ದುಡಿಮೆ ಮಣ್ಣುಪಾಲು. ಹೂವಿನ ಸಮಯದಲ್ಲಿ ಬರ ಬಿದ್ದರೆ ಈ ಹಾರ್ಮೋನುಗಳ ಸಮತೋಲ ತಪ್ಪಿ, ಕಣಜಗಳೇ ಕಡಿಮೆಯಾಗಿ ಕಾಳು ಜೊಳ್ಳಾಗುವುದುಂಟು. ನಮ್ಮಲ್ಲಿ ಅನೇಕ ಹಿರಿಯರು ಊರು ಬಿಟ್ಟು ಬಂದದ್ದು ಇಂಥ ಜೊಳ್ಳು ವರ್ಷಗಳಲ್ಲೇ ಅಲ್ಲವೆ? ಬಿತ್ತಿದ ಕಾಳಿಗೆ ನೀರು ತಾಗಿದಾಗ ಭ್ರೂಣವು ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಕಳುಹಿಸಿ ನಿದ್ರೆ ಮುರಿಯುತ್ತದೆ. ಹಿಟ್ಟು ಮತ್ತೆ ಸಕ್ಕರೆಯಾಗಿ ಮೊಳಕೆಗೆ ಉಣಿಸಾಗುತ್ತದೆ. ಮೊಳಕೆ ಬಂದ ಕಾಳನ್ನು ಅಗಿದು ನೋಡಿದರೆ ನಾಲಿಗೆಗೇ ಇದು ತಿಳಿಯುತ್ತದೆ.

ಇಷ್ಟು ಗಹನವಾದ ಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಬೋಧಿಸಿ, ಜಗತ್ತಿನ ವಿದ್ವಾಂಸರ ಮೆಚ್ಚುಗೆ ಗಳಿಸಿದ್ದ ಸ್ವಾಮಿಯವರು ಅಷ್ಟಕ್ಕೇ ನಿಲ್ಲಬಹುದಾಗಿತ್ತು. ನಿಲ್ಲಲಿಲ್ಲ. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ‘ಹಸುರು ಹೊನ್ನು’ ಎಂಬ ಕೃತಿಯಲ್ಲಿ ಹಾಸ್ಯ ಬೆರೆಸಿ ಬರೆದರು. ಚಿತ್ರಗಳನ್ನೂ ತಾವೇ ಬಿಡಿಸಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಪುಸ್ತಕದಲ್ಲಿ, ಕಡಲಾಚೆಯಿಂದ ಬಂದು ನಮ್ಮ ಅಡುಗೆಮನೆ ಸೇರಿದ ಬೆಳೆಗಳ ಕಥೆ ಹೇಳಿದರು. ಪೋರ್ತುಗೀಜರ ಹಡಗುಗಳು ಬಂದಿಳಿದ ಗೋವೆಯಲ್ಲಿ, ಗೋಡಂಬಿ ಮರಗಳ ನೆರೆಯಲ್ಲಿ ಬಾಳುವ ನಾವು ಓದಲೇಬೇಕಾದ ಪುಸ್ತಕವಿದು.

ಹೂವಿನಿಂದ ಹಣ್ಣಿನವರೆಗಿನ ಪಯಣವನ್ನು ವಿವರಿಸುವ ಅವರ ಇಂಗ್ಲಿಷ್ ಗ್ರಂಥವು, ಶಿಷ್ಯ ಕೃಷ್ಣಮೂರ್ತಿಯವರೊಡನೆ ಬರೆದದ್ದು, 1980ರಲ್ಲಿ ಹೊರಬಂತು. ಅದೇ ವರ್ಷ ಸ್ವಾಮಿಯವರು ತೀರಿಕೊಂಡರು.

ಕನ್ನಡ ಶಾಲೆಯಲ್ಲಿ ಓದಿದರೆ ಮಗುವಿಗೆ ವಿಜ್ಞಾನ ಬಂದೀತೇ ಎಂದು ಪಾಲಕರು ನಮ್ಮನ್ನು ಕೇಳುವುದುಂಟು. ಅವರ ಆತಂಕ ಸುಳ್ಳಲ್ಲ. ಮುಂದಿನ ಓದಿಗೆ ಇಂಗ್ಲಿಷ್ ಬೇಕು, ಅದನ್ನು ಶ್ರದ್ಧೆಯಿಂದ ಕಲಿಯಲೇಬೇಕು. ಸ್ವಾಮಿಯವರೂ ಕಲಿತರು. ಆದರೆ ಕಲಿತ ಮೇಲೆ ಮನೆಮಾತಿಗೆ ಬೆನ್ನು ತಿರುಗಿಸಲಿಲ್ಲ. ಮಕ್ಕಳೇ, ಇಂದು ಸಂಜೆ ಒಂದು ಹಿಡಿ ಜೋಳ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಒಡೆದಾಗ ಅಲ್ಲಿ ನಡೆದದ್ದೇನೆಂದು ಅವ್ವನಿಗೆ ಕನ್ನಡದಲ್ಲೇ ವಿವರಿಸಿ ಹೇಳಿ. ಸ್ವಾಮಿಯವರನ್ನು ನೆನೆಯಲು ಇದಕ್ಕಿಂತ ಒಳ್ಳೆಯ ದಾರಿ ನಮಗೆ ಕಾಣದು.